ಆಟದ ಪದಕಕ್ಕೂ ಅನರ್ಹತೆಯ ಶಿಕ್ಷೆಯೇ?

ಕಂಪ್ಯೂಟರ್ ಆಟಗಳೆಂದರೆ ಹುಡುಗರ ಕಾಲಹರಣ ಎಂದು ತಳ್ಳಿಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದರೆ ಅರ್ಹತೆ, ಅನ್ಯಾಯ, ಶಿಕ್ಷೆ ಮುಂತಾದ ಹಳೆಯ ಪ್ರಶ್ನೆಗಳು ಆ ಲೋಕದಲ್ಲಿ ಎಷ್ಟು ತೀವ್ರವಾಗಿ ಚರ್ಚೆಯಾಗುತ್ತವೆ ಎಂಬುದನ್ನು ಬಲ್ಲವರು ಹಾಗೆನ್ನಲಾರರು. ಅಂಥ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಆಟದ ತಂತ್ರಾಂಶವನ್ನು ತನಗೆ ಬೇಕಾದಂತೆ ಬದಲಿಸಿಕೊಂಡು ಆಡಿದವನು, ಆ ಆಟ ನೀಡುವ ‘ಅಚೀವ್‌ಮೆಂಟ್’ಗಳಿಗೆ ಅನರ್ಹನಾಗಬೇಕೇ?

ಪರಿಚಯವಿಲ್ಲದವರಿಗಾಗಿ ಎರಡು ಮಾತು. 2005ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದಾಗ, ಆಟದ ಕಠಿಣ ಘಟ್ಟವೊಂದನ್ನು ದಾಟಿದವನ ಹೆಸರಿನಲ್ಲಿ ಅಂಕಸಹಿತವಾದ ಪದಕವೊಂದು ಶಾಶ್ವತವಾಗಿ ದಾಖಲಾಗುವ ಪದ್ಧತಿ ಆರಂಭವಾಯಿತು. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ ಇಂಥದೇ ವ್ಯವಸ್ಥೆಯನ್ನು ತಂದವು. ಇನ್ನು ‘ಚೀಟ್’ ಎಂದರೆ ಆಟದಲ್ಲಿ ಪ್ರಾಣ ಹೋಗದಂತೆ, ಹಣ ಮುಗಿಯದಂತೆ ಮಾಡುವ ಗುಪ್ತ ಸಂಕೇತ ಅಥವಾ ಹೊರಗಿನ ಸಾಧನ. ‘ಮಾಡ್’ ಎಂದರೆ ಆಟಗಾರರೇ ಬರೆದು ಆಟಕ್ಕೆ ಸೇರಿಸುವ ಮಾರ್ಪಾಟು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇಂದು ಜಗತ್ತಿನಾದ್ಯಂತ ಪಂದ್ಯಾವಳಿಗಳು ನಡೆಯುವ ಕೌಂಟರ್‌ಸ್ಟ್ರೈಕ್ ಆಟವೇ 1999ರಲ್ಲಿ ‘ಹಾಫ್‌ಲೈಫ್’ ಎಂಬ ಇನ್ನೊಂದು ಆಟಕ್ಕೆ ಹವ್ಯಾಸಿಗಳು ಬರೆದ ಮಾಡ್ ಆಗಿ ಹುಟ್ಟಿದ್ದು.

ಅನರ್ಹತೆಯನ್ನು ಒತ್ತಾಯಿಸುವವರ ವಾದ ಹುರುಳಿಲ್ಲದ್ದೇನಲ್ಲ. 2020ರಲ್ಲಿ ‘ಡ್ರೀಮ್’ ಎಂಬ ಹೆಸರಿನಿಂದ ಪ್ರಸಿದ್ಧನಾದ ಅಮೆರಿಕದ ಆಟಗಾರನೊಬ್ಬ ಮೈನ್‌ಕ್ರಾಫ್ಟ್ ಆಟವನ್ನು ಅತಿ ವೇಗವಾಗಿ ಮುಗಿಸಿದವರ ಪಟ್ಟಿಯಲ್ಲಿ ಐದನೆಯ ಸ್ಥಾನ ಪಡೆದ. ಚಿನ್ನ ಕೊಟ್ಟು ವಸ್ತು ಪಡೆಯುವ 262 ವಿನಿಮಯಗಳಲ್ಲಿ ಅವನಿಗೆ ಬೇಕಾದ ಮುತ್ತು 42 ಬಾರಿ ದೊರಕಿತ್ತು. ಆಟದ ಲೆಕ್ಕಾಚಾರದ ಪ್ರಕಾರ ಸರಾಸರಿಯಾಗಿ ದೊರಕಬೇಕಾದದ್ದು ಸುಮಾರು 12 ಬಾರಿ ಮಾತ್ರ. ದಾಖಲೆಗಳನ್ನು ಪರಿಶೀಲಿಸುವವರು 29 ಪುಟಗಳ ವರದಿ ಪ್ರಕಟಿಸಿ ಆ ದಾಖಲೆಯನ್ನು ತಿರಸ್ಕರಿಸಿದರು. ಮರುವರ್ಷದ ಮೇ ತಿಂಗಳಿನಲ್ಲಿ, ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲವೆಂಬ ಸಮಜಾಯಿಷಿಯೊಡನೆ, ತನ್ನ ಆಟದಲ್ಲಿ ಮಾರ್ಪಾಟು ಇದ್ದುದನ್ನು ಅವನು ಒಪ್ಪಿಕೊಂಡ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2018ರ ಅಕ್ಟೋಬರ್‌ನಲ್ಲಿ ಶಾಂಘೈಯ ಕೌಂಟರ್‌ಸ್ಟ್ರೈಕ್ ಪಂದ್ಯಾವಳಿಯಲ್ಲಿ ‘ಆಪ್ಟಿಕ್ ಇಂಡಿಯಾ’ ತಂಡದ ಆಟಗಾರನೊಬ್ಬ ಗುರಿ ಹಿಡಿಯಲು ನೆರವಾಗುವ ತಂತ್ರಾಂಶ ಬಳಸಿ ಸಿಕ್ಕಿಬಿದ್ದ. ಇಡೀ ತಂಡವೇ ಅನರ್ಹಗೊಂಡು, ಕೊನೆಗೆ ವಿಸರ್ಜನೆಯಾಯಿತು. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರ ನಿಧಿಗಾಗಿ ವಿಶ್ವನಾಥನ್ ಆನಂದ್ ಅಂತರ್ಜಾಲದಲ್ಲಿ ಹಲವು ಗಣ್ಯರೊಡನೆ ಚದುರಂಗವಾಡಿದಾಗ, ಅವರನ್ನು ಸೋಲಿಸಿದ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್, ಮರುದಿನವೇ ಕಂಪ್ಯೂಟರಿನ ಮತ್ತು ಬಲ್ಲವರ ನೆರವು ಪಡೆದುದನ್ನು ಒಪ್ಪಿ ಕ್ಷಮೆ ಕೇಳಿದರು.

ಈ ಮೂರೂ ಪ್ರಸಂಗಗಳಿಗೆ ಸಮಾನವಾದ ಅಂಶವೊಂದಿದೆ. ಮೂರರಲ್ಲೂ ಎದುರಿಗೆ ಇನ್ನೊಬ್ಬರಿದ್ದರು. ಶಕುನಿಯ ದಾಳಗಳು ಪಾಪದ ದಾಳಗಳಾದದ್ದು ಅವು ಅವನ ಮಾತು ಕೇಳುತ್ತಿದ್ದವು ಎಂಬ ಕಾರಣಕ್ಕಲ್ಲ. ಎದುರಿಗೆ ಕುಳಿತ ಧರ್ಮರಾಯ ಅವು ಸಾಮಾನ್ಯ ದಾಳಗಳೆಂದು ನಂಬಿ ರಾಜ್ಯವನ್ನು ಪಣವಿಟ್ಟಿದ್ದ ಎಂಬ ಕಾರಣಕ್ಕೆ. ಅದೇ ದಾಳಗಳನ್ನು ಶಕುನಿ ತನ್ನ ಕೋಣೆಯಲ್ಲಿ ಒಬ್ಬನೇ ಉರುಳಿಸಿಕೊಂಡು ಗೆದ್ದೆನೆಂದು ಹಿಗ್ಗಿದ್ದರೆ ಅದು ಹುಡುಗಾಟವಾಗುತ್ತಿತ್ತೇ ಹೊರತು ಅಧರ್ಮವಾಗುತ್ತಿರಲಿಲ್ಲ. ಚೌಕಾಬಾರದ ನಿಯಮಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಆಡುವವರೆಲ್ಲ ಮೊದಲೇ ಒಪ್ಪಿಕೊಂಡಿರುವುದರಿಂದ ಅದನ್ನು ಯಾರೂ ಮೋಸವೆನ್ನುವುದಿಲ್ಲ.

ಆದ್ದರಿಂದ ಪಂದ್ಯ, ದಾಖಲೆ, ಬಹುಮಾನ, ಶ್ರೇಯಾಂಕಪಟ್ಟಿ ಇವುಗಳಲ್ಲಿ ಅನರ್ಹತೆ ಕಟ್ಟುನಿಟ್ಟಾಗಿಯೇ ಇರಲಿ. ಅಲ್ಲಿ ಒಬ್ಬನ ಹೆಸರು ಮೇಲೇರಿದರೆ ಇನ್ನೊಬ್ಬನ ಹೆಸರು ಕೆಳಗಿಳಿಯುತ್ತದೆ. ಆದರೆ ಒಬ್ಬನೇ ಕುಳಿತು ಆಡುವ ಆಟದ ಪದಕಕ್ಕೂ ಇದೇ ದಂಡವನ್ನು ವಿಧಿಸುವುದು ನ್ಯಾಯವಲ್ಲ, ವಿವೇಕವೂ ಅಲ್ಲ.

ವಿವೇಕವಲ್ಲ ಏಕೆಂದರೆ, ಈ ಬೀಗ ಹಿಡಿಯುವುದು ಸಭ್ಯರನ್ನೇ. 2016ರಲ್ಲಿ ಬಂದ ‘ಸ್ಕೈರಿಮ್’ ಆಟದ ವಿಶೇಷ ಆವೃತ್ತಿಯಲ್ಲಿ ಮಾಡ್ ಸೇರಿಸಿಕೊಂಡವರಿಗೆ ಪದಕಗಳ ಬಾಗಿಲು ಮುಚ್ಚಿತು. ನಾಯಕನನ್ನು ಅಜೇಯನನ್ನಾಗಿಸುವ ಮಾಡ್‌ಗೂ, ತಯಾರಕರು ಉಳಿಸಿದ ದೋಷಗಳನ್ನು ಸರಿಪಡಿಸಲು ಅಭಿಮಾನಿಗಳು ಬರೆದ ಮಾಡ್‌ಗೂ ಒಂದೇ ಶಿಕ್ಷೆ! ಬಹುಬೇಗನೆ ಆಟಗಾರರು ಆ ಬೀಗವನ್ನು ತೆಗೆಯುವುದಕ್ಕೇ ಇನ್ನೊಂದು ಮಾಡ್ ಬರೆದರು. ಸ್ಟೀಮ್‌ನಲ್ಲಿಯಂತೂ ಆಟವನ್ನೇ ಆಡದೆ ಪದಕಗಳನ್ನೆಲ್ಲ ಕ್ಷಣಾರ್ಧದಲ್ಲಿ ದಾಖಲಿಸಿಕೊಳ್ಳುವ ಸಾಧನಗಳೇ ಇವೆ. ವಂಚಿಸಬೇಕೆಂದು ಹೊರಟವನಿಗೆ ಬಾಗಿಲು ತೆರೆದೇ ಇದೆ.

ನ್ಯಾಯವಲ್ಲ ಎಂಬುದಕ್ಕೆ ನನ್ನ ಕಣ್ಣೆದುರಿನ ಉದಾಹರಣೆಯಿದೆ. ನನ್ನ ತಂಗಿಯ ಮಗನಿಗೆ ರಸ್ತೆ ಅಪಘಾತವೊಂದರ ನಂತರ ಬಲಗೈಯ ಎರಡು ಬೆರಳುಗಳಲ್ಲಿ ಮೊದಲಿನ ಚುರುಕಿಲ್ಲ. ತಾನು ಮೆಚ್ಚಿದ ಆಟದಲ್ಲಿ ಗುಂಡಿ ಒತ್ತಲು ಇರುವ ಅವಧಿಯನ್ನು ತುಸು ಹಿಗ್ಗಿಸುವ ಮಾಡ್ ಹಾಕಿಕೊಂಡು ಅವನು ತಿಂಗಳುಗಟ್ಟಲೆ ಆಡಿ ಕೊನೆಯ ಘಟ್ಟ ಮುಟ್ಟಿದ. ಪದಕ ಬರಲಿಲ್ಲ. “ನನಗೆ ಯಾರನ್ನೂ ಸೋಲಿಸಬೇಕಾಗಿರಲಿಲ್ಲ ಮಾಮ, ಮುಗಿಸಿದೆ ಅಂತ ಎಲ್ಲಾದರೂ ಬರೆದಿದ್ದರೆ ಸಾಕಿತ್ತು” ಎಂದ. ಅವನ ಮಾತಿಗೆ ಉತ್ತರ ಕೊಡುವ ಹೊಣೆ ಆಟ ತಯಾರಿಸುವವರದು. ಅಂಗವಿಕಲ ಅಭ್ಯರ್ಥಿಗಳ ಪರೀಕ್ಷೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ಬರೆಯಲು ಇನ್ನೊಬ್ಬರ ನೆರವು ಪಡೆಯಲು ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಕೊಡಬೇಕೆಂದಿತು. ಹಾಗೆ ಬರೆದು ತೇರ್ಗಡೆಯಾದವರ ಅಂಕಗಳನ್ನು ಯಾರಾದರೂ ಅಸಿಂಧುವೆನ್ನುತ್ತಾರೆಯೇ?

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೊಂದಿದೆ. ಪದಕ ಕೇವಲ ಖಾಸಗಿಯಲ್ಲ. ಆಟಗಾರರಲ್ಲಿ ಶೇಕಡಾ ಎಷ್ಟು ಮಂದಿ ಅದನ್ನು ಪಡೆದಿದ್ದಾರೆ ಎಂಬುದನ್ನು ಸ್ಟೀಮ್ ಎಲ್ಲರಿಗೂ ತೋರಿಸುತ್ತದೆ. ನೂರಾರು ಗಂಟೆ ಬೆವರು ಸುರಿಸಿ ಗಳಿಸಿದ ವಿರಳ ಪದಕ ಸುಲಭದ ದಾರಿ ಹಿಡಿದವರಿಗೂ ಸಿಕ್ಕರೆ ಅದರ ಮೌಲ್ಯ ಕುಗ್ಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಕುಗ್ಗುತ್ತದೆ, ನಿಜ. ಆ ಶ್ರಮವನ್ನು ಲಘುವಾಗಿ ಕಾಣಬೇಕೆಂದು ನಾನು ಹೇಳಲಾರೆ. ಆದರೆ ಆ ಶ್ರಮಕ್ಕೆ ಗೌರವ ಸಲ್ಲಿಸಲು ಉಳಿದವರ ಆಟವನ್ನೇ ದಾಖಲೆಯಿಂದ ಅಳಿಸಬೇಕಾಗಿಲ್ಲ. ಯಾವ ಬಗೆಯಲ್ಲಿ ಆಡಿ ಗಳಿಸಿದ್ದು ಎಂಬುದನ್ನು ಪದಕದ ಪಕ್ಕದಲ್ಲಿಯೇ ನಮೂದಿಸಿದರೆ ಸಾಕು.

ಇದು ಅಸಾಧ್ಯವಾದ ಆದರ್ಶವೇನಲ್ಲ. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ, ಬೆಟ್ಟ ಹತ್ತುವ ಕಷ್ಟದ ಆಟದಲ್ಲಿ ವೇಗವನ್ನು ತಗ್ಗಿಸುವ, ಬೇಕಾದರೆ ಸಾವೇ ಇಲ್ಲದಂತೆ ಮಾಡುವ ‘ಅಸಿಸ್ಟ್ ಮೋಡ್’ ಇದೆ. ಅದನ್ನು ಬಳಸಿದರೆ ಪದಕಗಳು ತಪ್ಪುವುದಿಲ್ಲ. ಬಳಸಿದ್ದಾರೆಂಬ ಗುರುತು ಮಾತ್ರ ಅವರ ಆಟದ ಕಡತದ ಮೇಲೆ ಉಳಿಯುತ್ತದೆ. ಸಾಮ್ರಾಜ್ಯ ಕಟ್ಟುವ ‘ಕ್ರುಸೇಡರ್ ಕಿಂಗ್ಸ್ 3’ ಆಟದ ತಯಾರಕರು 2023ರಲ್ಲಿ ಮಾಡ್ ಬಳಸುವವರ ಮೇಲಿದ್ದ ನಿರ್ಬಂಧವನ್ನು ಕೈಬಿಟ್ಟರು. ಇವೆರಡರಲ್ಲಿ ಮೊದಲಿನದೇ ನನಗೆ ಹೆಚ್ಚು ಸಮ್ಮತ. ಅಲ್ಲಿ ಯಾರನ್ನೂ ಹೊರಗಿಡುವುದಿಲ್ಲ, ಯಾರಿಗೂ ಸುಳ್ಳು ಹೇಳುವುದಿಲ್ಲ.

ಮೋಸ ಎಂಬುದು ಸಾಧನದಲ್ಲಿಲ್ಲ, ಮುಚ್ಚಿಡುವುದರಲ್ಲಿದೆ. ತಾನು ಬಳಸಿದ ನೆರವನ್ನು ಮರೆಮಾಚಿ ಇನ್ನೊಬ್ಬನ ಸ್ಥಾನವನ್ನು ಕಸಿದವನಿಗೆ ಶಿಕ್ಷೆಯಾಗಲಿ. ಯಾರ ಸ್ಥಾನವನ್ನೂ ಕಸಿಯದೆ, ತನ್ನ ಕೈಲಾದಷ್ಟು ಆಡಿ ತುದಿ ಮುಟ್ಟಿದವನ ಹೆಸರು ದಾಖಲೆಯಲ್ಲಿ ಉಳಿಯಲಿ.