ಲೆಬನಾನ್ ಊಟದ ಮೇಜು: ಹಲವು ಬಟ್ಟಲು, ಒಂದೇ ರೊಟ್ಟಿ

ಲೆಬನಾನ್ ಶೈಲಿಯ ಉಪಾಹಾರ ಗೃಹದಲ್ಲಿ ಊಟಕ್ಕೆ ಕುಳಿತವರನ್ನು ಮೊದಲು ಬೆರಗುಗೊಳಿಸುವುದು ಬಟ್ಟಲುಗಳ ಸಂಖ್ಯೆ. ಮುಖ್ಯ ಭಕ್ಷ್ಯ ಬರುವ ಮುನ್ನವೇ ಹತ್ತಾರು ಬಗೆಯ ತಿನಿಸುಗಳು ಮೇಜನ್ನು ತುಂಬುತ್ತವೆ. ಇದಕ್ಕೆ ‘ಮೆಝೆ’ ಎಂದು ಹೆಸರು. ಇಲ್ಲಿ ಯಾವ ಬಟ್ಟಲೂ ಒಬ್ಬರಿಗೆ ಮೀಸಲಲ್ಲ. ತೆಳುವಾದ ರೊಟ್ಟಿಯನ್ನು ಹರಿದು, ಅದರ ಚೂರಿನಲ್ಲಿಯೇ ಎತ್ತಿಕೊಂಡು ಎಲ್ಲರೂ ಹಂಚಿ ತಿನ್ನುವುದು ಪದ್ಧತಿ. ಬೆಕಾ ಕಣಿವೆಯ ಅಂಚಿನಲ್ಲಿರುವ ಝಹ್ಲೆ ಪಟ್ಟಣದ ನದಿದಂಡೆಯ ಹೋಟೆಲುಗಳು ಮೆಝೆಗೆ ಹೆಸರುವಾಸಿ. 2013ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ಪಾಕಕಲೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು.

ಮೊದಲು ತಣ್ಣನೆಯ ತಿನಿಸು

ಆರಂಭದಲ್ಲಿ ಬರುವುದು ಹಮ್ಮುಸ್. ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ನುಣ್ಣನೆಯ ಪೇಸ್ಟ್ ಆದ ‘ತಹಿನಿ’, ನಿಂಬೆರಸ ಹಾಗೂ ಬೆಳ್ಳುಳ್ಳಿಯೊಂದಿಗೆ ರುಬ್ಬಿ, ಮೇಲೆ ಆಲಿವ್ ಎಣ್ಣೆ ಸುರಿಯುತ್ತಾರೆ. ಕಡಲೆಯ ಬದಲು ಸುಟ್ಟ ಬದನೆಕಾಯಿ ಬಳಸಿದರೆ ಅದು ‘ಮುತಬ್ಬಲ್’. ನೀರು ಬಸಿದ ಗಟ್ಟಿ ಮೊಸರೇ ‘ಲಬನೆ’.

‘ತಬೂಲೆ’ ಲೆಬನಾನಿನ ಹೆಮ್ಮೆಯ ಸಲಾಡ್. ಕೊತ್ತಂಬರಿ ಸೊಪ್ಪನ್ನು ಹೋಲುವ ಪಾರ್ಸ್ಲಿಯೇ ಇದರ ಪ್ರಧಾನ ವಸ್ತು. ಅದಕ್ಕೆ ಪುದೀನ, ಟೊಮೆಟೊ, ಈರುಳ್ಳಿ, ನಿಂಬೆರಸ ಹಾಗೂ ಸ್ವಲ್ಪವೇ ಗೋಧಿ ನುಚ್ಚು ಸೇರುತ್ತದೆ. ಹೊರದೇಶಗಳಲ್ಲಿ ಎಷ್ಟೋ ಕಡೆ ನುಚ್ಚೇ ಹೆಚ್ಚಾಗಿರುತ್ತದೆ. ಲೆಬನಾನಿನವರು ಅದನ್ನು ಒಪ್ಪುವುದಿಲ್ಲ. ‘ಫತ್ತೂಶ್’ ಎಂಬ ಇನ್ನೊಂದು ಸಲಾಡಿನಲ್ಲಿ ಉಳಿದ ರೊಟ್ಟಿಯನ್ನು ಗರಿಗರಿಯಾಗಿಸಿ ತರಕಾರಿಯೊಂದಿಗೆ ಬೆರೆಸಲಾಗುತ್ತದೆ.

ಬಿಸಿ ತಿನಿಸು, ಕೆಂಡದ ಮಾಂಸ

ನೆನೆಸಿದ ಕಾಳನ್ನು ರುಬ್ಬಿ ಕರಿದ ಫಲಾಫೆಲ್ ನಮ್ಮ ವಡೆಯ ನೆಂಟ. ಮಾಂಸ ಮತ್ತು ಗೋಧಿ ನುಚ್ಚನ್ನು ಕುಟ್ಟಿ ಮಾಡುವ ‘ಕಿಬ್ಬೆ’ಯನ್ನು ಅನೇಕರು ರಾಷ್ಟ್ರೀಯ ಭಕ್ಷ್ಯವೆಂದೇ ಪರಿಗಣಿಸುತ್ತಾರೆ. ಅನಂತರ ಕೆಂಡದಲ್ಲಿ ಸುಟ್ಟ ಕೋಳಿಯ ‘ಶಿಶ್ ತಾವೂಕ್’ ಬರುತ್ತದೆ. ಜೊತೆಗೆ ಬೆಳ್ಳುಳ್ಳಿ, ಎಣ್ಣೆ, ನಿಂಬೆರಸ ಹಾಗೂ ಉಪ್ಪನ್ನು ನೊರೆಯಂತೆ ಕಡೆದ ‘ತೂಮ್’. ಬೆಂಗಳೂರು, ಮಂಗಳೂರಿನ ಬೀದಿಗಳಲ್ಲಿ ಶವರ್ಮಾ ತಿಂದವರಿಗೆ ಪರಿಚಿತವಾಗಿರುವ ಮೊಟ್ಟೆಯ ಮಯೋನೀಸ್ ಇದಲ್ಲ.

ಸಸ್ಯಾಹಾರಿಗಳಿಗೂ ಇಲ್ಲಿ ಕೊರತೆಯಿಲ್ಲ. ಅಲ್ಲಿನ ಕ್ರೈಸ್ತರ ಉಪವಾಸದ ದಿನಗಳು ಎಣ್ಣೆಯಲ್ಲಿ ಬೇಯಿಸಿದ ಕಾಳು, ತರಕಾರಿಗಳ ದೊಡ್ಡ ಪರಂಪರೆಯನ್ನೇ ಬೆಳೆಸಿವೆ. ಆದರೆ ದ್ರಾಕ್ಷಿ ಎಲೆಯ ಸುರುಳಿಗಳಲ್ಲಿ ಮಾಂಸದ್ದೂ ಅನ್ನದ್ದೂ ಉಂಟು; ಕೇಳಿ ತರಿಸಿಕೊಳ್ಳುವುದು ಒಳಿತು. ಊಟದ ಕೊನೆಗೆ ಕಿತ್ತಳೆ ಹೂವಿನ ಅರ್ಕ ಬೆರೆಸಿದ ಬಿಸಿನೀರು ಕೊಡುವುದುಂಟು. ಕಾಫಿಪುಡಿಯ ಸೋಂಕಿಲ್ಲದಿದ್ದರೂ ಅದರ ಹೆಸರು ‘ಬಿಳಿ ಕಾಫಿ’!

ಹಮ್ಮುಸ್ ಯಾರ ಸೊತ್ತು?

ಹಮ್ಮುಸ್ ತಮ್ಮದೆಂದು ಜಗತ್ತಿನ ಮಾರುಕಟ್ಟೆಯಲ್ಲಿ ಇಸ್ರೇಲ್ ಬಿಂಬಿಸುತ್ತಿದೆ ಎಂದು ಲೆಬನಾನಿನ ಕೈಗಾರಿಕೋದ್ಯಮಿಗಳು 2008ರಲ್ಲಿ ತಕರಾರೆತ್ತಿದರು. ಜಗಳ ಗಿನ್ನೆಸ್ ದಾಖಲೆಯ ಪೈಪೋಟಿಗೂ ತಿರುಗಿತು. 2010ರ ಮೇ ತಿಂಗಳಲ್ಲಿ ಲೆಬನಾನಿನ ಬಾಣಸಿಗರು ಒಂದೇ ಪಾತ್ರೆಯಲ್ಲಿ 10,452 ಕಿಲೋ ಹಮ್ಮುಸ್ ಸಿದ್ಧಪಡಿಸಿದರು. ಈ ಸಂಖ್ಯೆ ಆಕಸ್ಮಿಕವಲ್ಲ. ಆ ದೇಶದ ವಿಸ್ತೀರ್ಣವೂ 10,452 ಚದರ ಕಿಲೋಮೀಟರ್. ಆದರೆ ಪ್ಯಾಲೆಸ್ತೀನ್, ಸಿರಿಯಾ ಮೊದಲಾದ ನೆರೆನಾಡುಗಳಲ್ಲೂ ಹಮ್ಮುಸ್ ಮನೆಮನೆಯ ಅಡುಗೆಯಾಗಿರುವುದರಿಂದ ಈ ವ್ಯಾಜ್ಯ ಸುಲಭಕ್ಕೆ ಬಗೆಹರಿಯುವಂಥದ್ದಲ್ಲ.

ರೊಟ್ಟಿಗೇ ಬಂದ ಕುತ್ತು

ಈ ಎಲ್ಲ ಬಟ್ಟಲುಗಳಿಗೂ ಆಧಾರ ರೊಟ್ಟಿ. ಆದರೆ ಲೆಬನಾನ್ ತನಗೆ ಬೇಕಾದ ಗೋಧಿಯ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. 2019ರಲ್ಲಿ ಆರಂಭವಾದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಕರೆನ್ಸಿ ಶೇ. 90ಕ್ಕೂ ಹೆಚ್ಚು ಮೌಲ್ಯ ಕಳೆದುಕೊಂಡಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸಂಭವಿಸಿದ ಸ್ಫೋಟಕ್ಕೆ 200ಕ್ಕೂ ಹೆಚ್ಚು ಜನ ಬಲಿಯಾದರು. ದೇಶದ ಪ್ರಮುಖ ಧಾನ್ಯ ಕಣಜ ಧ್ವಂಸವಾಯಿತು; ಹೋಟೆಲುಗಳಿಂದ ಕಿಕ್ಕಿರಿದಿದ್ದ ಜಮ್ಮೈಝೆ, ಮಾರ್ ಮಿಖಾಯೆಲ್ ಬಡಾವಣೆಗಳು ಜರ್ಜರಿತವಾದವು. 2022ರಲ್ಲಿ ಉಕ್ರೇನ್ ಯುದ್ಧದಿಂದ ಗೋಧಿ ಪೂರೈಕೆಗೆ ಪೆಟ್ಟು ಬಿದ್ದಾಗ ಬೇಕರಿಗಳ ಮುಂದೆ ಜನ ತಾಸುಗಟ್ಟಲೆ ಸಾಲುಗಟ್ಟಿದರು.

ಅದರ ಮರುವರ್ಷವೇ, 2023ರ ಡಿಸೆಂಬರ್‌ನಲ್ಲಿ, ಲೆಬನಾನಿನ ‘ಮನಊಶೆ’ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಕಾಡು ಓಮದ ಜಾತಿಯ ಸೊಪ್ಪು ‘ಝಾತರ್’, ಎಳ್ಳು ಹಾಗೂ ಆಲಿವ್ ಎಣ್ಣೆ ಸವರಿ ಬೇಯಿಸುವ ಈ ರೊಟ್ಟಿ ಬಡವ ಬಲ್ಲಿದರೆನ್ನದೆ ಎಲ್ಲರ ಬೆಳಗಿನ ಉಪಾಹಾರ. ಹಮ್ಮುಸ್‌ನ ಹಕ್ಕಿಗಾಗಿ ಹೋರಾಡಿದ ದೇಶಕ್ಕೆ ಜಗತ್ತಿನ ಮನ್ನಣೆ ತಂದುಕೊಟ್ಟದ್ದು ಈ ಬೀದಿಬದಿಯ ರೊಟ್ಟಿ.