ಶುಂಠಿ ಕೊಟ್ಟು ಮೆಣಸು ಕೊಂಡ ದ್ವೀಪ

ಸುತ್ತುಬಳಸಿ ಹೋಗುವುದಕ್ಕೆ ನಾವು ‘ಕೊಂಕಣ ಸುತ್ತಿ ಮೈಲಾರಕ್ಕೆ’ ಎನ್ನುತ್ತೇವೆ. ಸಿಂಹಳೀಯರು ‘ಪರಂಗಿ ಕೋಟ್ಟೆಗೆ ಹೋದ ಹಾಗೆ’ ಎನ್ನುತ್ತಾರೆ. 1505ರಲ್ಲಿ ಪೋರ್ಚುಗೀಸರು ಕೊಲಂಬೊ ದಡ ಸೇರಿದಾಗ, ಕೂಗಳತೆಯಲ್ಲೇ ಇದ್ದ ರಾಜಧಾನಿ ಕೋಟ್ಟೆಗೆ ಅವರ ದೂತನನ್ನು ಮೂರು ದಿನ ಕಾಡುಮೇಡು ಅಲೆಸಿ ಕರೆದೊಯ್ದರಂತೆ. ಊರು ದೂರವೆಂದು ನಂಬಿ ವಾಪಸಾಗಲಿ ಎಂಬ ಆಸೆ. ಆದರೆ ಹಡಗಿನವರು ಆಗಾಗ ಹಾರಿಸುತ್ತಿದ್ದ ತೋಪಿನ ಸದ್ದು ಕಿವಿಗೆ ಬೀಳುತ್ತಲೇ ಇತ್ತು, ಗುಟ್ಟು ಉಳಿಯಲಿಲ್ಲ ಎನ್ನುತ್ತದೆ ಕತೆ. ಆ ‘ಪರಂಗಿ’ ನಮ್ಮ ಮಾತಿನಲ್ಲೂ ಇದ್ದಾನೆ. ಹಿತ್ತಲಿನ ಹಣ್ಣಿಗೂ ಅವನದೇ ಹೆಸರು.

ಶ್ರೀಲಂಕಾದ ಚರಿತ್ರೆಯನ್ನು ಪೋರ್ಚುಗೀಸರು, ಡಚ್ಚರು, ಬ್ರಿಟಿಷರು ಎಂದು ಮೂರು ಅಧ್ಯಾಯವಾಗಿ ಓದುವುದು ರೂಢಿ. ನಾನೂ ಹಾಗೇ ಓದಿದವನು. ಈಗ ದೊರೆಗಳನ್ನು ಬದಿಗಿಟ್ಟು ದಾಲ್ಚಿನ್ನಿ ಸುಲಿಯುವವನ ಹಿಂದೆ ಹೋಗುತ್ತೇನೆ. ಇವರೆಲ್ಲ ಕಡಲು ದಾಟಿ ಬಂದದ್ದು ಅವನ ಕೈಯಲ್ಲಿದ್ದ ಸರಕಿಗಾಗಿ ತಾನೆ?

ಆ ಕೆಲಸ ಸಾಲಾಗಮ ಜಾತಿಯವರದು. ದಕ್ಷಿಣ ಭಾರತದ ಕರಾವಳಿಯಿಂದ ಬಂದು ನೆಲೆಸಿದವರೆಂಬ ಐತಿಹ್ಯವಿದೆ. ಮಳೆ ಬಿದ್ದು ರಸವೇರಿದ ಎಳೆ ಕೊಂಬೆ ಕಡಿಯಬೇಕು, ಹೊರಸಿಪ್ಪೆ ಹೆರೆಯಬೇಕು, ಹಿತ್ತಾಳೆ ಸರಳಿನಿಂದ ಉಜ್ಜಿ ಒಳತೊಗಟೆಯನ್ನು ಹರಿಯದಂತೆ ಎಬ್ಬಿಸಬೇಕು. ಒಣಗುತ್ತ ಅದು ತಾನೇ ಸುರುಳಿಯಾಗುತ್ತದೆ. ಸುರುಳಿಯೊಳಗೆ ಸುರುಳಿ ತುಂಬಿದರೆ ಕೊಳವೆ ಸಿದ್ಧ. ನಮ್ಮ ಅಂಗಡಿಗಳ ದಪ್ಪ ಚಕ್ಕೆ ಹೆಚ್ಚಾಗಿ ಬೇರೆ ಮರದ್ದು. ಲಂಕೆಯದು ಕಾಗದದಷ್ಟು ತೆಳು, ಬೆರಳಲ್ಲೇ ಪುಡಿಯಾಗುತ್ತದೆ. ಈ ಕಸುಬು ಅವರಿಗೆ ರಾಜಸೇವೆಯಾಗಿತ್ತು. ವರ್ಷಕ್ಕಿಷ್ಟು ತೊಗಟೆ ಒಪ್ಪಿಸಲೇಬೇಕು. ಪೋರ್ಚುಗೀಸರು ಈ ಕಟ್ಟಳೆಯನ್ನು ಹೊಸದಾಗಿ ಹುಟ್ಟಿಸಲಿಲ್ಲ, ರಾಜನ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡು ಬಿಗಿ ಮಾಡಿದರು.

ಅವರನ್ನು ಓಡಿಸಲು ಕ್ಯಾಂಡಿಯ ಅರಸ ಎರಡನೇ ರಾಜಸಿಂಹ 1638ರಲ್ಲಿ ಡಚ್ಚರೊಂದಿಗೆ ಒಪ್ಪಂದ ಮಾಡಿಕೊಂಡ. ಗೆದ್ದ ಕೋಟೆಗಳಲ್ಲಿ ಡಚ್ ಪಡೆ ಇರುವುದು ‘ಅರಸ ಬಯಸಿದರೆ’ ಮಾತ್ರ ಎಂದು ಅವನ ಪ್ರತಿಯಲ್ಲಿತ್ತು. ಡಚ್ಚರ ಪ್ರತಿಯಲ್ಲಿ ಆ ಮಾತೇ ಇರಲಿಲ್ಲ. 1656ರಲ್ಲಿ ಕೊಲಂಬೊ ಶರಣಾದಾಗ ಕೋಟೆಯ ಬಾಗಿಲು ಅರಸನ ಕಡೆಯವರಿಗೆ ತೆರೆಯಲಿಲ್ಲ. ಈ ಪುಟಕ್ಕೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಶುಂಠಿ ಕೊಟ್ಟು ಮೆಣಸು ಕೊಂಡ ಹಾಗೆ’ ಎಂದು ಸಿಂಹಳೀಯರು ಇಂದಿಗೂ ಹೇಳುವುದು ಈ ಅದಲುಬದಲಿನ ಬಗ್ಗೆಯೇ.

ಡಚ್ಚರ ಕಾಲದಲ್ಲಿ ದಾಲ್ಚಿನ್ನಿ ಮರ ಹಾಳುಮಾಡಿದರೆ ಮರಣದಂಡನೆ. ಒಳ್ಳೆಯ ತೊಗಟೆ ಬಹುಪಾಲು ಕ್ಯಾಂಡಿಯ ಕಾಡಿನಲ್ಲಿ. ಅರಸ ಮುನಿದರೆ ಕಾಡು ಮುಚ್ಚುತ್ತಿತ್ತು, ಡಚ್ ಕಂಪನಿಯ ಲೆಕ್ಕ ಮಾತ್ರ ನಿಲ್ಲುತ್ತಿರಲಿಲ್ಲ. ನಡುವೆ ಸಿಕ್ಕವನು ಸುಲಿಯುವವನು. 1769ರ ಹೊತ್ತಿಗೆ ಕೊಲಂಬೊದ ಮರದಾನದಲ್ಲಿ ಡಚ್ಚರು ತೋಟವನ್ನೇ ಹಾಕತೊಡಗಿದರು. ಊರೂರಿನ ಜಮೀನು, ಮರ, ಮಂದಿಯ ಲೆಕ್ಕ ಬರೆದ ‘ತೋಂಬು’ ದಫ್ತರಗಳು ಕೊಲಂಬೊದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬಡವನ ಹೆಸರು ಕಾಗದದಲ್ಲಿ ಉಳಿದದ್ದು ಅವನಿಂದ ಬರಬೇಕಾದ ಬಾಕಿಯ ಜೊತೆಗೆ.

ಹೋದವರು ಪೂರ್ತಿ ಹೋಗಲಿಲ್ಲ. ಸಿಂಹಳದ ಕಿಟಕಿ ‘ಜನೇಲಯ’, ಕಪಾಟು ‘ಅಲ್ಮಾರಿಯ’, ಬ್ರೆಡ್ಡು ‘ಪಾನ್’, ಇವು ಪೋರ್ಚುಗೀಸರವು. ನಮ್ಮ ಅಲಮಾರು ಬಂದದ್ದೂ ಅಲ್ಲಿಂದಲೇ. ಕಚೇರಿಗೆ ‘ಕಂತೋರುವ’, ಹುರುಳಿಕಾಯಿಗೆ ‘ಬೋಂಚಿ’, ಆಲೂಗಡ್ಡೆಗೆ ‘ಅರ್ತಾಪಲ್’ ಡಚ್ಚರಿಂದ. ನ್ಯಾಯಾಲಯಗಳಲ್ಲಿ ರೋಮನ್-ಡಚ್ ಕಾನೂನು ಈಗಲೂ ನಡೆಯುತ್ತದೆ.

ಬ್ರಿಟಿಷರು 1796ರಲ್ಲಿ ಕರಾವಳಿಯನ್ನೂ 1815ರಲ್ಲಿ ಕ್ಯಾಂಡಿಯನ್ನೂ ಹಿಡಿದರು. ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹ ವೆಲ್ಲೂರಿನ ಸೆರೆಯಲ್ಲಿ 1832ರಲ್ಲಿ ತೀರಿಕೊಂಡ. ಮರುವರ್ಷ ದಾಲ್ಚಿನ್ನಿಯ ಏಕಸ್ವಾಮ್ಯ ಮುಗಿಯಿತು. ಬಿಟ್ಟಿ ಸೇವೆಯೂ ಆ ಸುಮಾರಿಗೇ ರದ್ದಾಗಿತ್ತು. ಸುಲಿಯುವವನಿಗೆ ಬಿಡುಗಡೆ ಸಿಕ್ಕಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಬೆಟ್ಟಸೀಮೆಯಲ್ಲಿ ಕಾಡು ಕಡಿದು ಕಾಫಿ ನೆಡುತ್ತಿದ್ದರು. ಕೊಯ್ಲಿಗೆ ತಮಿಳುನಾಡಿನ ಬರದ ಊರುಗಳಿಂದ ಕೂಲಿಗಳು ದೋಣಿಯಲ್ಲಿ ಮನ್ನಾರಿಗೆ ಬಂದು, ಅಲ್ಲಿಂದ ಕಾಡುದಾರಿಯಲ್ಲಿ ನಡೆದು ಬೆಟ್ಟ ಹತ್ತಿದರು. ಎಷ್ಟೋ ಜನ ದಾರಿಯಲ್ಲೇ ಜ್ವರಕ್ಕೆ, ವಾಂತಿಭೇದಿಗೆ ಸತ್ತರು. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಕಾಫಿ ನಾಶವಾಯಿತು, ಅದೇ ಇಳಿಜಾರಿನಲ್ಲಿ ಚಹಾ ಬಂತು. ಕೂಲಿಗಳು ಅಲ್ಲೇ ಉಳಿದರು.

1948ರ ಫೆಬ್ರುವರಿ 4ರಂದು ದ್ವೀಪ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವ ಕಾಯ್ದೆಯಡಿ ಆ ಕೂಲಿಗಳ ಮಕ್ಕಳು ಮೊಮ್ಮಕ್ಕಳಲ್ಲಿ ಬಹುಪಾಲು ಜನಕ್ಕೆ ಪೌರತ್ವ ಸಿಗಲಿಲ್ಲ.