ಮನೆಯಲ್ಲಿ ಹೀರೇಕಾಯಿ ಬಜ್ಜಿ ತಯಾರಿಕೆ: ಸಾರ್ವಜನಿಕರಿಗೆ ಮಾಹಿತಿ

ಹೀರೇಕಾಯಿಯನ್ನು ಬಿಲ್ಲೆಗಳಾಗಿ ಹೆಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು ತಯಾರಿಸುವ ತಿನಿಸೇ ಹೀರೇಕಾಯಿ ಬಜ್ಜಿ. ಉತ್ತರ ಕರ್ನಾಟಕದಲ್ಲಿ ಇದನ್ನು ಭಜಿ ಎಂದೂ, ದಕ್ಷಿಣ ಕನ್ನಡದಲ್ಲಿ ಪೋಡಿ ಎಂದೂ ಕರೆಯಲಾಗುತ್ತದೆ. ತಯಾರಿಕೆಯು ಸುಲಭವಾದರೂ ಕಾಯಿಯನ್ನು ಆರಿಸುವಾಗ ಒಂದು ಎಚ್ಚರಿಕೆ ಅತ್ಯವಶ್ಯವಾಗಿರುವುದರಿಂದ, ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಹಿ ಪರೀಕ್ಷೆ

ಹೀರೇಕಾಯಿ, ಸೋರೆಕಾಯಿ, ಸೌತೆಕಾಯಿ ಮುಂತಾದವು ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ. ಇವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥವು ಕೆಲವೊಮ್ಮೆ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಇದು ವಿಷಕಾರಿಯಾಗಿದ್ದು, ಕರಿಯುವುದರಿಂದಾಗಲಿ ಬೇಯಿಸುವುದರಿಂದಾಗಲಿ ನಾಶವಾಗುವುದಿಲ್ಲ. ಕಹಿ ಸೋರೆಕಾಯಿಯ ರಸ ಸೇವನೆಯಿಂದ ಸಾವು ಸಂಭವಿಸಿದ ಪ್ರಕರಣಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಪರಿಶೀಲಿಸಿದ್ದು, 2012ರಲ್ಲಿ ಪ್ರಕಟವಾದ ಅದರ ವರದಿಯು ಬಳಸುವ ಮುನ್ನ ಕಾಯಿಯ ರುಚಿ ನೋಡುವಂತೆ ಸಲಹೆ ನೀಡಿದೆ.

ಬಜ್ಜಿಯ ವಿಷಯದಲ್ಲಿ ಈ ಸಲಹೆಯು ಇನ್ನಷ್ಟು ಮುಖ್ಯ. ಖಾರ, ಓಂಕಾಳು, ಇಂಗು ಬೆರೆತ ಹಿಟ್ಟು ಕಹಿಯನ್ನು ಮರೆಮಾಚುತ್ತದೆ. ಆದುದರಿಂದ ಪ್ರತಿಯೊಂದು ಕಾಯಿಯಿಂದಲೂ ಒಂದು ಚಿಕ್ಕ ಚೂರನ್ನು ಹಸಿಯಾಗಿಯೇ ನಾಲಿಗೆಗೆ ತಾಗಿಸಿ ನೋಡತಕ್ಕದ್ದು. ಕಹಿಯಿದ್ದಲ್ಲಿ ಉಗುಳಿ, ಇಡೀ ಕಾಯಿಯನ್ನು ಎಸೆಯತಕ್ಕದ್ದು. ಕಹಿ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಬಳಸುವುದು ತರವಲ್ಲ. (ಹಾಗಲಕಾಯಿಗೆ ಕಹಿ ಸಹಜವಾದುದರಿಂದ ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ.) ಹಿತ್ತಿಲಲ್ಲಿ ಸ್ವಂತ ಬೀಜದಿಂದ ಬೆಳೆಯುವವರು ವಿಶೇಷ ಗಮನ ವಹಿಸಬೇಕು. ಕಹಿ ತಳಿಯ ಪರಾಗ ಸೇರಿದ ಬೀಜದಿಂದ ಮುಂದಿನ ಬೆಳೆಯಲ್ಲಿ ಕಹಿ ಕಾಯಿ ಬರುವ ಸಂಭವವಿದೆ.

ಕಹಿ ಕಾಯಿ ತಿಂದ ನಂತರ ವಾಂತಿ, ಭೇದಿ, ಹೊಟ್ಟೆನೋವು ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ತೆರಳಬೇಕು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ರಾಜ್ಯದಲ್ಲಿ ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.

ತಯಾರಿಸುವ ವಿಧಾನ

ಎಳೆಯ ಹೀರೇಕಾಯಿ ಒಂದು, ಕಡಲೆಹಿಟ್ಟು ಒಂದು ಬಟ್ಟಲು, ಅಕ್ಕಿಹಿಟ್ಟು ಎರಡು ಚಮಚ, ಅಚ್ಚಖಾರದ ಪುಡಿ, ಓಂಕಾಳು, ಇಂಗು, ಉಪ್ಪು ಹಾಗೂ ಕರಿಯಲು ಎಣ್ಣೆ ಬೇಕಾಗುತ್ತದೆ. ಕಾಯಿಯ ಏಣುಗಳನ್ನು ಹೆರೆದು (ಹೆರೆದ ಸಿಪ್ಪೆ ಚಟ್ನಿಗೆ ಬರುತ್ತದೆ, ಎಸೆಯಬೇಕಿಲ್ಲ) ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ಹೀರೇಕಾಯಿಯಲ್ಲಿ ನೀರಿನಂಶವೇ ಅಧಿಕ. ಬಿಲ್ಲೆಗಳಿಗೆ ಮೊದಲೇ ಉಪ್ಪು ಹಚ್ಚಿದರೆ ನೀರು ಬಿಟ್ಟು ಹಿಟ್ಟು ಜಾರುತ್ತದೆ. ಆದ್ದರಿಂದ ಉಪ್ಪನ್ನು ಹಿಟ್ಟಿಗೆ ಮಾತ್ರ ಸೇರಿಸಿ, ಬಿಲ್ಲೆಗಳನ್ನು ಬಟ್ಟೆಯಿಂದ ಒರೆಸಿಕೊಳ್ಳುವುದು ಸೂಕ್ತ. ಹಿಟ್ಟು ಬಿಲ್ಲೆಗೆ ತೆಳುವಾಗಿ ಅಂಟಿಕೊಳ್ಳುವಷ್ಟು ಗಟ್ಟಿಯಾಗಿರಲಿ. ಅಕ್ಕಿಹಿಟ್ಟಿನಿಂದ ಗರಿಗರಿಯಾಗುವುದರಿಂದ ಸೋಡಾ ಅವಶ್ಯವಿಲ್ಲ.

ಬಾಣಲೆಯ ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟಾಗ ಅದು ಕೂಡಲೇ ಮೇಲೆ ತೇಲಿ ಬಂದರೆ ಕಾದಿದೆ ಎಂದು ತಿಳಿಯಬೇಕು. ಒಮ್ಮೆಗೆ ನಾಲ್ಕೈದು ಬಿಲ್ಲೆಗಳನ್ನು ಮಾತ್ರ ಬಿಟ್ಟು, ಮಧ್ಯಮ ಉರಿಯಲ್ಲಿ ಎರಡೂ ಬದಿ ಹೊಂಬಣ್ಣಕ್ಕೆ ಕರಿಯಬೇಕು. ಎಣ್ಣೆಗೆ ಬೆಂಕಿ ಹತ್ತಿದಲ್ಲಿ ನೀರು ಹಾಕಕೂಡದು; ಒಲೆ ಆರಿಸಿ ಮುಚ್ಚಳ ಮುಚ್ಚಬೇಕು.

ಉಳಿದ ಎಣ್ಣೆ

ಉಳಿದ ಎಣ್ಣೆಯನ್ನು ಸೋಸಿಟ್ಟು ಒಗ್ಗರಣೆಗೆ ಶೀಘ್ರವಾಗಿ ಬಳಸಿ ಮುಗಿಸಬಹುದು; ಮತ್ತೆ ಮತ್ತೆ ಕರಿಯಲು ಉಪಯೋಗಿಸಬಾರದು. ವ್ಯಾಪಾರಕ್ಕಾಗಿ ಕರಿಯುವವರಿಗೆ 2018ರ ಜುಲೈ 1ರಿಂದ ಎಣ್ಣೆಯಲ್ಲಿನ ಒಟ್ಟು ಧ್ರುವೀಯ ಸಂಯುಕ್ತಗಳ ಮಿತಿಯನ್ನು ಶೇ. 25ಕ್ಕೆ ನಿಗದಿಪಡಿಸಲಾಗಿದೆ. ಮನೆಯಲ್ಲಿ ಇದನ್ನು ಅಳೆಯುವ ಸಾಧನವಿರುವುದಿಲ್ಲವಾದ್ದರಿಂದ, ಎಣ್ಣೆ ಕಪ್ಪಾಗಿದ್ದರೆ, ಜಿಗುಟಾಗಿದ್ದರೆ ಅಥವಾ ಬೇಗನೆ ಹೊಗೆಯಾಡುತ್ತಿದ್ದರೆ ಅದನ್ನು ಬಳಸುವುದನ್ನು ನಿಲ್ಲಿಸತಕ್ಕದ್ದು.